ದೂರ ನಿಂತ ಲ್ಯಾಮ್ಡಾ

ಜಯತೀರ್ಥನ ಮೆಸೇಜು ಬಂದಾಗ ಹೇಮಾವತಿಯ ಬಲಗೈ ಮೊಳಕೈತನಕ ಹತ್ತಿಯ ರಾಶಿಯೊಳಗಿತ್ತು. ಆದವಾನಿಯ ಮಾರ್ಕೆಟ್ ಯಾರ್ಡಿನಲ್ಲಿ ತಿಳಿದವರು ಮೇಲಿನ ಪದರ ನೋಡಿ ದರ ಹೇಳುವುದಿಲ್ಲ. ತಳದಿಂದ ಒಂದು ಹಿಡಿ ತೆಗೆದು, ಎರಡೂ ಕೈಯ ಬೆರಳುಗಳ ನಡುವೆ ಎಳೆಯನ್ನು ಮೆಲ್ಲಗೆ ಜಗ್ಗಿ, ಅದರ ಉದ್ದ, ಗಟ್ಟಿತನ, ಪಸೆ ನೋಡುತ್ತಾರೆ. ಇದನ್ನು ಅವಳು ಅಪ್ಪ ಹಾಲಸ್ವಾಮಿಯಿಂದ ಕಲಿತಿದ್ದಳು. ಕಲಿಯಬೇಕೆಂದು ಕಲಿತದ್ದಲ್ಲ.

"ಮ್ಯಾಲೆ ಒಣಗೈತಿ, ತಳದಾಗ ಹಸಿ ಐತಿ ನೋಡು ಸುಂಕೇಶಪ್ಪ," ಎಂದಳು.

ಸುಂಕೇಶ ಆಲೂರು ಕಡೆಯ ರೈತ. ಟವೆಲು ಹೆಗಲಿನಿಂದ ಹೆಗಲಿಗೆ ಬದಲಿಸಿದ. "ಮಂಜು ಬಿದ್ದೈತಮ್ಮಾ. ನಾನೇನು ನೀರು ಹೊಡದಿಲ್ಲ. ನಿಮ್ಮಪ್ಪಾರು ಇಲ್ಲಿದ್ದಿದ್ರ ಕೈಯಾಗ ಹಿಡದು ಹೇಳ್ತಿದ್ರು, ಇದು ಮಂಜು ಅಂತ."

"ನಾನೂ ಮಂಜು ಅಂತಾನೇ ಹೇಳಾಕತ್ತೀನಿ. ಎರಡು ದಿನ ಬಿಸಿಲಿಗೆ ಹರವಿ ತಗೊಂಬಾ. ನಿನಗಾ ಒಳ್ಳೇದು."

ಆಮೇಲೆ ಕೈಗೆ ಅಂಟಿದ ಹತ್ತಿ ಬಿಡಿಸಿಕೊಳ್ಳುತ್ತ ಫೋನು ನೋಡಿದಳು. "ಫೆಬ್ರವರಿಯಲ್ಲಿ ಸುಪ್ರಜಾ ಮದುವೆ, ಎಮ್ಮಿಗನೂರಿನಲ್ಲಿ. ಬರುತ್ತಿದ್ದೇನೆ. ನಿನ್ನ ಹೈಪರ್‌ಟ್ರೈಟಾನ್ ಬಗ್ಗೆ ಮಾತಾಡುವುದಿದೆ."

ನಿನ್ನ ಹೈಪರ್‌ಟ್ರೈಟಾನ್ ಎಂದು ಬರೆದಿದ್ದ. ಆ ಹೆಸರನ್ನು ಅವಳೆದುರು ಯಾರಾದರೂ ಎತ್ತಿ ವರ್ಷಗಳೇ ಆಗಿದ್ದವು. ಪಕ್ಕದ ರಾಶಿಗೆ ಹೋಗಬೇಕಿತ್ತು. ಹೋಗದೆ ಅಲ್ಲೇ ನಿಂತಳು. ಹಿಂದೆ ನಿಂತಿದ್ದ ದಸ್ತಗಿರಿ, ಅಪ್ಪನ ಕಾಲದಿಂದ ಅವರ ಹತ್ತಿ ಮಿಲ್ಲಿನಲ್ಲಿರುವವನು, "ಮುಂದಿನದು ನೋಡೋಣೇನಮ್ಮಾ?" ಎಂದು ಎರಡು ಸಲ ಕೇಳಬೇಕಾಯಿತು.

*

ಹೇಮಾವತಿ ಮತ್ತು ಜಯತೀರ್ಥ ಆದವಾನಿಯ ಡಿಗ್ರಿ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಅವಳದು ಹತ್ತಿ ವ್ಯಾಪಾರದ ಲಿಂಗಾಯತರ ಮನೆ, ಒಬ್ಬಳೇ ಮಗಳು. ಅವನದು ಮಾಧ್ವರ ಮನೆ. ತಂದೆ ಸುಯಮೀಂದ್ರಾಚಾರ್ಯರು ಪಾಠ, ಪೂಜೆ ಮಾಡಿಕೊಂಡಿದ್ದವರು. ಇಬ್ಬರೂ ಎಂ.ಎಸ್ಸಿಗೆಂದು ಹೈದರಾಬಾದಿಗೆ ಹೋದರು, ಇಬ್ಬರೂ ಅಲ್ಲೇ ಸಂಶೋಧನೆಗೆ ಸೇರಿದರು. ಸುತ್ತ ತೆಲುಗು, ಇಂಗ್ಲಿಷು. ಊರಿನ ಕನ್ನಡ ಆಡಬೇಕೆಂದರೆ ಅವಳಿಗೆ ಅವನು, ಅವನಿಗೆ ಅವಳು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ನ್ಯೂಕ್ಲಿಯಸ್ಸುಗಳ ಬಗ್ಗೆ "ಅದು ಹಂಗ್ಯಾಕ ಆಗ್ತೈತಿ" ಎಂದು ಜಗಳಾಡುವುದನ್ನು ಕೇಳಿ ಉಳಿದವರು ನಗುತ್ತಿದ್ದರು. ಅವನು ಪ್ರಯೋಗದ ಕಡೆ ಹೋದ, ಅವಳು ಲೆಕ್ಕದ ಕಡೆ.

ರಜೆಗೆ ಊರಿಗೆ ಬಂದಾಗ ಅವ್ವ ಅಂಬಮ್ಮ ಕೇಳಿದ್ದಳು: "ಏನು ಓದ್ತೀ ಅಂತ ಮಂದಿ ಕೇಳಿದ್ರ ನಾ ಏನಂತ ಹೇಳ್ಲಿ?"

"ಒಂದು ನಮೂನಿ ನ್ಯೂಕ್ಲಿಯಸ್ಸು ಇರ್ತೈತವ್ವ. ಅದರ ಕ್ಷಯ ಹೆಂಗಾಗ್ತೈತಿ ಅಂತ ನೋಡೋದು."

"ಕ್ಷಯ ಅಂದ್ರ ಟಿಬಿ ಅಲ್ಲೇನು? ದವಾಖಾನಿ ಓದು ಅಂತ ಹೇಳ್ತೀನಿ ಬಿಡು," ಎಂದು ಅಂಬಮ್ಮ ನಿಶ್ಚಿಂತಳಾದಳು. ಕೆಲವು ವರ್ಷ ಓಣಿಯವರು ಹೇಮಾವತಿಗೆ ಕೆಮ್ಮಿನ ಔಷಧಿ ಕೇಳುತ್ತಿದ್ದರು.

ಹೇಮಾವತಿಯ ಕೆಲಸ ನಿಜವಾಗಿ ಇಷ್ಟು. ನಮ್ಮ ಸುತ್ತಲಿನ ಎಲ್ಲ ವಸ್ತುಗಳ ನ್ಯೂಕ್ಲಿಯಸ್ಸಿನೊಳಗೆ ಪ್ರೋಟಾನು, ನ್ಯೂಟ್ರಾನು ಎರಡೇ ಇರುವುದು. ದೊಡ್ಡ ಯಂತ್ರಗಳಲ್ಲಿ ಕಣಗಳನ್ನು ಗುದ್ದಿಸಿದಾಗ ಅಪರೂಪಕ್ಕೆ ಮೂರನೆಯದೊಂದು ಒಳಗೆ ಬಂದು ಕೂರುತ್ತದೆ. ಅದರ ಹೆಸರು ಲ್ಯಾಮ್ಡಾ. ಅದಕ್ಕೆ ವಿಚಿತ್ರತೆ ಎಂಬ ಒಂದು ಗುಣವಿದೆ. ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಪ್ರಬಲ ಬಲಕ್ಕೆ ಆ ಗುಣವನ್ನು ಅಳಿಸಲು ಬರುವುದಿಲ್ಲ. ದುರ್ಬಲ ಬಲವೊಂದೇ ಅಳಿಸಬಲ್ಲದು, ಮತ್ತು ಅದು ನಿಧಾನಿ. ಹಾಗಾಗಿ ಲ್ಯಾಮ್ಡಾ ಸಾಯುವುದು ಖಚಿತವಾದರೂ ಕಣಗಳ ಲೋಕದ ಮಟ್ಟಿಗೆ ದೀರ್ಘಾಯುಷಿ. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ ಕಾಲು ಭಾಗ ಬದುಕುತ್ತದೆ.

ಇಂಥ ನ್ಯೂಕ್ಲಿಯಸ್ಸುಗಳಲ್ಲೆಲ್ಲ ಚಿಕ್ಕದು ಹೈಪರ್‌ಟ್ರೈಟಾನ್. ಒಂದು ಪ್ರೋಟಾನು, ಒಂದು ನ್ಯೂಟ್ರಾನು, ಒಂದು ಲ್ಯಾಮ್ಡಾ. ಮೊದಲಿನ ಎರಡು ಜೊತೆಯಾಗಿರುತ್ತವೆ. ಲ್ಯಾಮ್ಡಾ ಅವುಗಳಿಂದ ಬಹಳ ದೂರ, ಬಿಟ್ಟರೆ ಹೋದೀತು ಅನ್ನುವಷ್ಟು ಸಡಿಲವಾಗಿ ಅಂಟಿಕೊಂಡಿರುತ್ತದೆ. ಹಾಗಿದ್ದಾಗ ಅದರ ಆಯುಷ್ಯ ಎಷ್ಟು? ಒಂಟಿಯಾಗಿದ್ದಾಗ ಇರುವಷ್ಟೇ, ಕೂದಲೆಳೆಯಷ್ಟು ಕಡಿಮೆ ಎಂದು ಹೇಮಾವತಿಯ ಲೆಕ್ಕ ಹೇಳಿತು. ಆದರೆ ಆ ವರ್ಷಗಳಲ್ಲಿ ಹೊರದೇಶದ ಪ್ರಯೋಗಗಳಿಂದ ಬಂದ ಅಳತೆಗಳು ಬೇರೆಯೇ ಇದ್ದವು. ಮೂರನೆಯ ಒಂದು ಪಾಲು ಕಡಿಮೆ, ಕೆಲವು ಇನ್ನೂ ಕಡಿಮೆ.

ಸೆಮಿನಾರಿನಲ್ಲಿ ಅವಳು ತನ್ನ ಲೆಕ್ಕ ತೋರಿಸಿದಾಗ ಹೊರಗಿನಿಂದ ಬಂದ ಹಿರಿಯರೊಬ್ಬರು ಕನ್ನಡಕ ತೆಗೆದು, "ಜಗತ್ತು ಒಂದು ಹೇಳುತ್ತದೆ, ನೀವೊಂದು ಹೇಳುತ್ತೀರಿ," ಎಂದಷ್ಟೇ ಹೇಳಿ ಕೂತರು. ಅವಳ ಗೈಡು ಲಕ್ಷ್ಮಿಕಾಂತ್ ಸರ್ ಒಳ್ಳೆಯ ಮನುಷ್ಯ. "ಇರು. ವ್ಯತ್ಯಾಸಕ್ಕೆ ಕಾರಣ ಸಿಗಲಿ, ಆಮೇಲೆ ಥೀಸಿಸ್ ಕೊಡು," ಎಂದರು. ಎರಡು ವರ್ಷ ಅವಳು ತಪ್ಪು ಹುಡುಕಿದಳು. ಒಂದು ಸಂಗತಿ ಉಳಿದಿತ್ತು: ಲ್ಯಾಮ್ಡಾ ಒಡೆದಾಗ ಹೊರಡುವ ಪೈಯಾನು ಎಂಬ ಕಣವನ್ನು ಉಳಿದ ಕಣಗಳು ಎಷ್ಟು ಸೆಳೆಯುತ್ತವೆ ಎಂಬುದು. ಅದನ್ನು ಲೆಕ್ಕಕ್ಕೆ ಸೇರಿಸಲು ಶುರುಮಾಡಿದ ವಾರದಲ್ಲೇ ಆದವಾನಿಯಿಂದ ಫೋನು ಬಂತು. ಅಪ್ಪನಿಗೆ ಮಿಲ್ಲಿನಲ್ಲಿ ನಿಂತಲ್ಲೇ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಹೋಗಿದ್ದವು.

ಹೈದರಾಬಾದಿನ ಬಸ್ ಸ್ಟ್ಯಾಂಡಿಗೆ ಜಯತೀರ್ಥ ಅವಳ ಚೀಲ ಹೊತ್ತು ಬಂದಿದ್ದ. ನೀರಿನ ಬಾಟಲಿ ಕೊಡಿಸಿದ. ಕಿಟಕಿಯ ಹೊರಗೆ ನಿಂತು ಏನೋ ಹೇಳುವವನಂತೆ ಎರಡು ಸಲ ಬಾಯಿ ತೆರೆದ. ಕೊನೆಗೆ, "ಮುಟ್ಟಿದ ಕೂಡಲೆ ಫೋನ್ ಮಾಡು," ಎಂದ. ಬಸ್ಸು ಕರ್ನೂಲು ದಾಟುವತನಕ ಹೇಮಾವತಿ, ಅಪ್ಪನ ಚಿಂತೆಯ ನಡುವೆಯೂ, ಅವನು ಹೇಳದೆ ಬಿಟ್ಟ ಮಾತಿನ ಬಗ್ಗೆ ಯೋಚಿಸುತ್ತಿದ್ದಳು. ಹಾಗೆ ಯೋಚಿಸಿದ್ದಕ್ಕೆ ಆಮೇಲೆ ಬಹಳ ದಿನ ನಾಚಿದಳು.

ಈ ಸೀಸನ್ ಮುಗಿಯಲಿ, ವಾಪಸ್ ಹೋಗುತ್ತೇನೆ ಎಂದುಕೊಂಡಳು. ಮಿಲ್ಲಿನಲ್ಲಿ ಅಪ್ಪನ ಜಾಗದಲ್ಲಿ ಕೂರುವವರು ಬೇರೆ ಇರಲಿಲ್ಲ. ಮೊದಲ ವರ್ಷ ಯಾರ್ಡಿನಲ್ಲಿ ಗಂಡಸರು ಅವಳನ್ನು ನೋಡಿ ದರ ಕೂಗುವುದನ್ನು ನಿಲ್ಲಿಸುತ್ತಿದ್ದರು. ಎರಡನೆಯ ವರ್ಷ ಕೂಗಿದರು. ಮೂರನೆಯ ವರ್ಷ ಅವಳು ಕೂಗಿದ ಮೇಲೆ ಕೂಗಲು ಕಾಯತೊಡಗಿದರು. ಅಷ್ಟರಲ್ಲಿ ವಿಶ್ವವಿದ್ಯಾಲಯದ ಅವಧಿ ಮುಗಿದು ನೋಂದಣಿ ರದ್ದಾಗಿತ್ತು. ಮದುವೆಯ ಮಾತುಗಳು ಬಂದವು, ಅವಳು ಒಲ್ಲೆ ಎಂದಳು, ಆಮೇಲೆ ಬರುವುದು ನಿಂತಿತು. ಜಯತೀರ್ಥ ಜಪಾನಿಗೆ ಹೋದ. ಮೊದಲು ವಾರಕ್ಕೊಮ್ಮೆ ಇದ್ದ ಫೋನು ಹಬ್ಬಕ್ಕೊಮ್ಮೆ ಆಯಿತು, ಕೊನೆಗೆ ಯುಗಾದಿಯ ದಿನ ಬೇವು ಬೆಲ್ಲದ ಚಿತ್ರ ಕಳಿಸುವುದಷ್ಟೇ ಉಳಿಯಿತು.

ಅವಳು ಓದುವುದನ್ನು ಮಾತ್ರ ಬಿಟ್ಟಿರಲಿಲ್ಲ. ಮಿಲ್ಲಿನ ತೂಕದ ಕೋಣೆಯಲ್ಲಿ ಲಾರಿಗಾಗಿ ಕಾಯುವಾಗ ಫೋನಿನಲ್ಲಿ ಹೊಸ ಪ್ರಬಂಧಗಳ ಹೆಸರುಗಳನ್ನು ನೋಡುತ್ತಿದ್ದಳು. ಹಾಗೆ ಒಂದು ದಿನ ಯುರೋಪಿನ ದೊಡ್ಡ ಪ್ರಯೋಗವೊಂದರ ಹೊಸ ಅಳತೆ ಕಣ್ಣಿಗೆ ಬಿತ್ತು. ಹೈಪರ್‌ಟ್ರೈಟಾನಿನ ಆಯುಷ್ಯ ಒಂಟಿ ಲ್ಯಾಮ್ಡಾದ ಆಯುಷ್ಯಕ್ಕೆ ಹತ್ತಿರವೇ ಇದೆ ಎಂದು ಅದು ಹೇಳುತ್ತಿತ್ತು. ಅವಳು ಎದ್ದು ನಿಂತಳು. ಹೇಳಿಕೊಳ್ಳಲು ಅಲ್ಲಿ ದಸ್ತಗಿರಿ ಒಬ್ಬನೇ ಇದ್ದ.

"ದಸ್ತಗಿರಿ ಮಾಮಾ, ನನ್ನ ಲೆಕ್ಕ ಸರಿಗೇ ಇತ್ತಂತ."

ದಸ್ತಗಿರಿ ತೂಕದ ಚೀಟಿಯಿಂದ ತಲೆ ಎತ್ತಿದ. "ನಮ್ಮ ಲೆಕ್ಕ ಯಾವಾಗ ತಪ್ಪೈತಮ್ಮಾ? ಯಾರಂದ್ರು ತಪ್ಪೈತಿ ಅಂತ?"

ಅವಳು ನಕ್ಕಳು. ಮನೆಗೆ ಹೋಗಿ ಉಂಡಳು. ಅಂದು ಏನಾಗಿತ್ತೆಂದು ಯಾರಿಗೂ ಗೊತ್ತಾಗಲಿಲ್ಲ. ಜಯತೀರ್ಥನಿಗೆ ಬರೆಯಬೇಕೆಂದು ಫೋನು ಹಿಡಿದು, ಅವನು ತಾನಾಗಿ ಬರೆಯಲಿ ಎಂದು ಇಟ್ಟಳು. ಅವನು ಆಗ ಬರೆಯಲಿಲ್ಲ.

*

ಸುಪ್ರಜಾ ಎಂದರೆ ಜಯತೀರ್ಥನ ಅಕ್ಕ ಜಯಾಬಾಯಿಯ ಮಗಳು. ಮದುವೆಗೆ ಹೇಮಾವತಿ ಎಮ್ಮಿಗನೂರಿಗೆ ಹೋದಾಗ ಅವನು ಪಂಚೆಯುಟ್ಟು ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದ. ಕಿವಿಯ ಮೇಲೆ ಕೂದಲು ಬಿಳುಪಾಗಿತ್ತು. ಅವಳ ಎಲೆಯ ಮುಂದೆ ಬಂದು, ಎರಡು ಸೌಟು ಹೆಚ್ಚೇ ಹಾಕಿದ.

"ಸಾಕೋ ಮಾರಾಯ, ಎಲಿ ಹರಿದೀತು," ಎಂದಳು ಅವಳು.

"ತೆಳ್ಳಗಾಗೀ."

"ಯಾರ್ಡಿನ ಬಿಸಿಲು."

ಅಷ್ಟರಲ್ಲಿ ಹಿಂದಿನವರು ಪಾಯಸ ಎಂದು ಕರೆದರು. ಜಯಾಬಾಯಿ ಹೊರಡುವಾಗ ಅವಳ ಕೈ ಹಿಡಿದು, "ನಾಳೆ ಮದುಮಕ್ಕಳನ್ನ ನಾಗಲದಿನ್ನೆಗೆ ಕರಕೊಂಡು ಹೋಗ್ತೀವಿ, ಹೊಳಿಗೆ ಬಾಗಿನ ಕೊಡಸಬೇಕು. ನೀನೂ ಬಾರವ್ವಾ. ಅಲ್ಲೇ ನಮ್ಮ ಸೋದರಮಾವನ ಮನಿ ಅದ," ಎಂದಳು. ಅವಳ ಕಣ್ಣಲ್ಲಿ ಬೇರೆ ಏನಾದರೂ ಇತ್ತೇ ಎಂದು ಹೇಮಾವತಿ ನೋಡಿದಳು. ಇತ್ತೋ ಇಲ್ಲವೋ ತಿಳಿಯಲಿಲ್ಲ.

ನಾಗಲದಿನ್ನೆಯ ಹತ್ತಿರ ಫೆಬ್ರವರಿಯ ತುಂಗಭದ್ರೆಯಲ್ಲಿ ನೀರು ಅಷ್ಟಕ್ಕಷ್ಟೆ. ಮರಳು, ಬಂಡೆ, ನಡುವೆ ಹರಿಯುವ ಎರಡು ಕವಲು. ದಂಡೆಯ ಮೇಲೆ ಮೋಟರುಗಳ ಪೈಪುಗಳು ನೀರಿನತನಕ ಇಳಿದಿದ್ದವು. ಹೆಂಗಸರು ಮೊರದ ಬಾಗಿನ ಹಿಡಿದು ಸುಪ್ರಜಾಳನ್ನು ನೀರಿನ ಅಂಚಿಗೆ ಕರೆದುಕೊಂಡು ಹೋದರು. ಹೇಮಾವತಿ ಮತ್ತು ಜಯತೀರ್ಥ ಸ್ವಲ್ಪ ದೂರದ ಬಂಡೆಯ ಮೇಲೆ ಕೂತರು. ಎಲ್ಲರಿಗೂ ಕಾಣುವಂತೆಯೇ ಕೂತರು.

ಮೊದಲು ಅವನು ಕೆಲಸದ ಮಾತು ತೆಗೆದ. ಜಪಾನಿನ ಅವನ ಗುಂಪು ಹೈಪರ್‌ಟ್ರೈಟಾನುಗಳನ್ನು ಬೇರೊಂದು ರೀತಿಯಲ್ಲಿ ಹುಟ್ಟಿಸಿ ಅವುಗಳ ಆಯುಷ್ಯ ಅಳೆಯಲು ಹೊರಟಿತ್ತು. ಈಗ ದೊಡ್ಡ ತಕರಾರು ಆಯುಷ್ಯದ್ದೊಂದೇ ಅಲ್ಲ, ಲ್ಯಾಮ್ಡಾ ಎಷ್ಟು ಸಡಿಲವಾಗಿ ಅಂಟಿದೆ ಎಂಬುದೂ ಹೌದು ಎಂದ. ಒಂದು ಪ್ರಯೋಗ ತೀರ ಸಡಿಲ ಅನ್ನುತ್ತದೆ, ಇನ್ನೊಂದು ಸ್ವಲ್ಪ ಬಿಗಿ ಅನ್ನುತ್ತದೆ.

"ಬಿಗಿ ಆದಂಗ ಆಯುಷ್ಯ ಹೆಂಗ ಕಮ್ಮಿ ಆಗ್ತದ ಅಂತ ಒಂದು ಲೆಕ್ಕ ಬೇಕು ಹೇಮಾ. ಪೈಯಾನಿನ ಸೆಳೆತಾನೂ ಸೇರಿಸಿ. ನೀ ಅರ್ಧಕ್ಕ ಬಿಟ್ಟಿದ್ದು ಅದಾ ಅಲ್ಲೇನು?"

"ಈಗ ಬ್ಯಾರೇರು ಮಾಡ್ಯಾರ. ನಾ ಓದೀನಿ."

"ಮಾಡ್ಯಾರ. ಒಬ್ಬೊಬ್ಬರದು ಒಂದೊಂದು ನಮೂನಿ ಅದ. ನಿನ್ನ ವಿಧಾನದಾಗ ಯಾರೂ ಮಾಡಿಲ್ಲ. ಲಕ್ಷ್ಮಿಕಾಂತ್ ಸರ್ ರಿಟೈರ್ ಆದ್ರೂ ನೀ ಏನ್ ಮಾಡ್ತೀ ಅಂತ ಪ್ರತಿ ಸಲ ಕೇಳ್ತಾರ."

ಹೇಮಾವತಿ ನೀರಿನ ಕಡೆ ನೋಡಿದಳು. "ನಾ ಏನು ಮಾಡ್ತೀನಂತ ಹೇಳ್ತೀ?"

"ಹತ್ತಿ ವ್ಯಾಪಾರ ಅಂತ."

"ಖರೇ ಐತಿ."

ಆಮೇಲೆ ಅವಳು ನೇರವಾಗಿ ಕೇಳಿದಳು. "ಲೆಕ್ಕಕ್ಕ ಬಂದೀಯೋ, ನನ್ನ ನೋಡಾಕ ಬಂದೀಯೋ?"

"ಸುಪ್ರಜಾನ ಮದುವಿಗೆ ಅಂತ ಎಲ್ಲಾರಿಗೂ ಹೇಳೀನಿ."

"ನಾ ಎಲ್ಲಾರೂ ಅಲ್ಲ."

ಅವನು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟ. "ಎರಡಕ್ಕೂ ಬಂದೀನಿ. ಆವತ್ತು ಬಸ್ ಸ್ಟ್ಯಾಂಡಿನ್ಯಾಗ ಕೇಳಬೇಕಂತಿದ್ದೆ. ನಿಮ್ಮಪ್ಪಾರಿಗೆ ಹಂಗಾದಾಗ ಇದನ್ನ ಹೆಂಗ ಕೇಳೋದು ಅಂತ ಸುಮ್ಮನಾದೆ."

"ಕೇಳಿದ್ರ ಒಲ್ಲೆ ಅಂತಿದ್ದೆ."

"ಗೊತ್ತದ."

"ಆದ್ರೂ ಕೇಳಬೇಕಿತ್ತು."

ನೀರಿನ ಬಳಿ ಯಾರೋ ಹಾಡು ಹೇಳುತ್ತಿದ್ದರು, ಅರ್ಧಕ್ಕೆ ಮರೆತು ನಗುತ್ತಿದ್ದರು. ಜಯತೀರ್ಥ ಜಪಾನಿನ ಬದುಕಿನ ಬಗ್ಗೆ ಹೇಳತೊಡಗಿದ. ಸಮುದ್ರದ ದಂಡೆಯ ಪ್ರಯೋಗಾಲಯ, ಚಿಕ್ಕ ಮನೆ, ಎಲ್ಲರೂ ಒಳ್ಳೆಯವರು. ಆದರೆ ನಿದ್ದೆಯಿಂದ ಎಚ್ಚರವಾದಾಗ ಬಾಯಿಗೆ ಮೊದಲು ಬರುವ ಮಾತು ಕನ್ನಡದ್ದಾಗಿರುತ್ತದೆ, ಅದನ್ನು ಯಾರಿಗೂ ಹೇಳುವಂತಿಲ್ಲ. ಎಮ್ಮಿಗನೂರಿನಲ್ಲಿ ಹೊಸದಾಗಿ ಶುರುವಾಗುವ ಕಾಲೇಜಿನವರು ಭೌತಶಾಸ್ತ್ರಕ್ಕೆ ಜನ ಹುಡುಕುತ್ತಿದ್ದಾರೆ, ಭಾವ ಮಾತಾಡಿದ್ದಾನೆ.

"ಬಂದುಬಿಡ್ಲೇನು ಹೇಮಾ?"

ಬಾ ಎಂಬ ಒಂದೇ ಅಕ್ಷರ ಅವಳ ಗಂಟಲಿನತನಕ ಬಂದಿತ್ತು. ಎಮ್ಮಿಗನೂರಿಗೂ ಆದವಾನಿಗೂ ಎಷ್ಟು ಮಹಾ ದೂರ? ಸಂಜೆ ಮಿಲ್ಲು ಮುಚ್ಚಿದ ಮೇಲೆ ಅವನು ಬಂದು ತೂಕದ ಕೋಣೆಯ ಬಾಗಿಲಲ್ಲಿ ನಿಲ್ಲುವುದು ಅವಳ ಕಣ್ಣಿಗೆ ಕಟ್ಟಿತು. ಅದರ ಜೊತೆಗೇ ಇನ್ನೊಂದೂ ಕಣ್ಣಿಗೆ ಕಟ್ಟಿತು.

"ನನ್ನ ಸಲುವಾಗಿ ಬರಬ್ಯಾಡ," ಎಂದಳು. "ಇಷ್ಟು ವರ್ಷ ಕಾದು, ಅಳತಿ ಶುರುವಾಗೋ ಹೊತ್ತಿಗೆ ಬಿಟ್ಟು ಬಂದ್ರ, ದಿನಾ ನನ್ನ ಮಾರಿ ನೋಡಿ ಅದನ್ನ ನೆನಸ್ತೀ. ಅದು ಹೆಂಗಿರ್ತೈತಂತ ನನಗ ಗೊತ್ತೈತಿ. ನಮ್ಮಪ್ಪನ ಮಾರಿ ನೋಡಿ ನಾನೂ ಹಂಗಾ ನೆನಸೀನಿ. ಅವನ ಮುಂದ ತೋರಸಲಾರದಂಗ ನೆನಸೀನಿ."

ಈ ಮಾತನ್ನು ಅವಳು ಈ ಮೊದಲು ಯಾರಿಗೂ ಹೇಳಿರಲಿಲ್ಲ. ಜಯತೀರ್ಥ ಅವಳ ಕಡೆ ತಿರುಗಿದ. ಕೈ ಹಿಡಿಯುತ್ತಾನೆ ಅನ್ನಿಸಿತು. ಜಯಾಬಾಯಿ ಕೆಳಗಿನಿಂದ, "ಪ್ರಸಾದ ತಗೋಬರ್ರೀ," ಎಂದು ಕೂಗಿದಳು.

ಏಳುವಾಗ ಹೇಮಾವತಿ ಸೀರೆಯ ಮರಳು ಕೊಡವಿಕೊಂಡು, "ಲೆಕ್ಕ ಮಾಡ್ತೀನಿ. ಮರತದ್ದು ಭಾಳ ಐತಿ. ಕೇಳಿದಾಗ ಹೇಳಿಕೊಡಬೇಕು," ಎಂದಳು.

*

ಮಾರ್ಚಿಗೆ ಯಾರ್ಡಿಗೆ ಬರುವ ಹತ್ತಿ ಕಡಿಮೆಯಾಯಿತು. ಮಧ್ಯಾಹ್ನ ಮಿಲ್ಲಿನ ಆಫೀಸಿನಲ್ಲಿ ಅವಳು ಹಳೆಯ ಲ್ಯಾಪ್‌ಟಾಪು ತೆರೆದು ಕೂರತೊಡಗಿದಳು. ಮೊದಲ ಕೆಲವು ದಿನ ತಾನೇ ಬರೆದ ಸಮೀಕರಣಗಳು ಬೇರೆ ಯಾರೋ ಬರೆದಂತೆ ಕಂಡವು. ಒಂದು ಸಾಲಿನಿಂದ ಮುಂದಿನ ಸಾಲು ಹೇಗೆ ಬಂತೆಂದು ತಿಳಿಯದೆ ಅವಳಿಗೆ ಅಳು ಬಂತು. ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಯಂತ್ರಗಳ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ. ಆಮೇಲೆ ಒಂದು ದಿನ, ಹತ್ತಿಕಾಳಿನ ಲಾರಿ ತುಂಬಿಸಿ ಬಂದು ಕೂತವಳಿಗೆ, ಎಲ್ಲವೂ ಸ್ವಲ್ಪಸ್ವಲ್ಪವಾಗಿ ತಿಳಿಯಾಗುತ್ತ ಹೋಯಿತು. ಕೈ ತಾನಾಗಿ ಬರೆಯತೊಡಗಿತು. ಚಹಾ ಆರಿದ್ದು ಅವಳಿಗೆ ಗೊತ್ತಾಗಲಿಲ್ಲ. ಎಷ್ಟು ವರ್ಷದಿಂದ ತನಗೆ ಬೇಕಾಗಿದ್ದದ್ದು ಇದೇ ಎಂದು ಆ ಸಂಜೆ ಅವಳಿಗೆ ಅರಿವಾಯಿತು. ತನ್ನ ಲೆಕ್ಕ ಸರಿ ಎಂದು ಯಾರಾದರೂ ಹೇಳುವುದು ಅವಳಿಗೆ ಅಷ್ಟೇನೂ ಬೇಕಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಜಯತೀರ್ಥ ಫೋನು ಮಾಡುತ್ತಿದ್ದ. ಒಮ್ಮೆ ಅವಳ ಲೆಕ್ಕ ವಿಪರೀತವಾಯಿತು. ಪೈಯಾನಿನ ಸೆಳೆತ ಸೇರಿಸಿದ ಮೇಲೆ ಹೈಪರ್‌ಟ್ರೈಟಾನು ಒಂಟಿ ಲ್ಯಾಮ್ಡಾಕ್ಕಿಂತ ಹೆಚ್ಚು ಬದುಕುತ್ತದೆ ಎಂದು ಬಂತು. ಇಬ್ಬರೂ ವಾರಗಟ್ಟಲೆ ತಲೆ ಕೆಡಿಸಿಕೊಂಡರು.

"ಸೆಳೆಯೋ ಬದಲಿ ದಬ್ಬಾಕತ್ತೈತಿ," ಎಂದು ಒಂದು ದಿನ ಅವಳೇ ಕಂಡುಹಿಡಿದಳು. "ಚಿಹ್ನೆ ತಪ್ಪಾಗೈತಿ. ಪ್ಲಸ್ ಇರೋದ್ರಾಗ ಮೈನಸ್ ಹಾಕೀನಿ."

"ಎಲ್ಲಿ?"

"ಸೆಳೆತದ ಲೆಕ್ಕದ ಮೊದಲನೇ ಪುಟದಾಗ. ಹೈದರಾಬಾದಿನ್ಯಾಗ ಇದ್ದಾಗ ಬರದದ್ದು."

ಅವನು ಆ ಕಡೆ ಬಹಳ ಹೊತ್ತು ನಕ್ಕ. ಅವಳೂ ನಕ್ಕಳು. ಸರಿಪಡಿಸಿದ ಮೇಲೆ ಬಂದ ಉತ್ತರ ಅವಳ ಹಳೆಯ ಉತ್ತರವಾಗಿರಲಿಲ್ಲ. ಆಯುಷ್ಯ ಸ್ವಲ್ಪ ಕಡಿಮೆಯಾಗಿತ್ತು, ಹಳೆಯ ಪ್ರಯೋಗಗಳು ಹೇಳಿದಷ್ಟಲ್ಲ, ಆದರೆ ಕೂದಲೆಳೆಗಿಂತ ಹೆಚ್ಚು. ಲ್ಯಾಮ್ಡಾ ಬಿಗಿಯಾದಷ್ಟೂ ಇನ್ನಷ್ಟು ಇಳಿಯುತ್ತ ಹೋಗುವ ಒಂದು ಗೆರೆ. ಅಂದರೆ ಸೆಮಿನಾರಿನ ದಿನ ಅವಳು ಹೇಳಿದ್ದೂ ಪೂರ್ತಿ ಸರಿಯಿರಲಿಲ್ಲ. ಅದು ಅವಳಿಗೆ ಬೇಸರ ತರಲಿಲ್ಲ. ಗೆರೆಯನ್ನು ಜಯತೀರ್ಥನಿಗೆ ಕಳಿಸಿದಳು. ಕೆಲವು ದಿನಗಳಲ್ಲಿ ಜಪಾನಿನ ಅವನ ಗುಂಪಿನ ಮುಖ್ಯಸ್ಥರಿಂದ ಉತ್ತರ ಬಂತು. ಬೇಸಿಗೆಯಲ್ಲಿ ಮೂರು ತಿಂಗಳು ಅತಿಥಿಯಾಗಿ ಬಂದು ಈ ಕೆಲಸವನ್ನು ಜೊತೆಯಲ್ಲಿ ಮುಗಿಸಲು ಆದೀತೇ ಎಂದು ಕೇಳಿದ್ದರು. ಡಿಗ್ರಿಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಅವ್ವನಿಗೆ ಮೊದಲು ಹೇಳಿದಳು. ಅಂಬಮ್ಮ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ, "ಅಪ್ಪನ್ನ ಕೇಳು," ಎಂದಳು. ಸ್ವಲ್ಪ ತಡೆದು, "ಮಿಲ್ಲು ದಸ್ತಗಿರಿ ನೋಡ್ತಾನ. ಬ್ಯಾಸಿಗ್ಯಾಗ ಏನಿರ್ತೈತಿ ಅಲ್ಲಿ," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

ಹಾಲಸ್ವಾಮಿ ಪಡಸಾಲೆಯಲ್ಲಿ ಆರಾಮಕುರ್ಚಿಯಲ್ಲಿದ್ದ. ಮಾತು ಈ ವರ್ಷಗಳಲ್ಲಿ ಅರ್ಧಂಬರ್ಧ ಮರಳಿತ್ತು. ಒಂದು ವಾಕ್ಯಕ್ಕೆ ಬಹಳ ಹೊತ್ತು ಬೇಕಾಗುತ್ತಿತ್ತು. ಹೇಮಾವತಿ ಎಂದಿನಂತೆ ಅವನ ಬಲಗೈಗೆ ಎಣ್ಣೆ ಹಚ್ಚಿ, ಮಡಚಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ, ಎಲ್ಲ ಹೇಳಿದಳು. ಜಪಾನು, ಮೂರು ತಿಂಗಳು, ಕೆಲಸ. ಅವನು ಕಣ್ಣು ಮುಚ್ಚಿ ಕೇಳಿದ.

"ಆ ಆಚಾರ್ರ ಹುಡುಗ... ಅಲ್ಲಿ ಅದಾನೇನು?"

ಬೆರಳು ಬಿಡಿಸುತ್ತಿದ್ದ ಅವಳ ಕೈ ನಿಂತಿತು. ಅಪ್ಪ ಅವನ ಸುದ್ದಿ ಎತ್ತಿದ್ದು ಇದೇ ಮೊದಲು. ಅವನಿಗೆ ಎಷ್ಟು ಗೊತ್ತಿತ್ತು, ಯಾವಾಗಿನಿಂದ ಗೊತ್ತಿತ್ತು ಎಂದು ಕೇಳುವಂತಿರಲಿಲ್ಲ.

"ಅದಾನಪ್ಪ," ಎಂದಳು.

ಹಾಲಸ್ವಾಮಿ ಕಣ್ಣು ತೆರೆದು ಹೊರಗಿನ ಬಿಸಿಲು ನೋಡಿದ. ಬಾಯಿ ಒಂದೆರಡು ಸಲ ಅಲ್ಲಾಡಿತು. ಅವಳು ಅವಸರ ಮಾಡಲಿಲ್ಲ.

"ಹತ್ತಿ... ಬರೋದ್ರೊಳಗ... ಬಾ," ಎಂದ.

ಆ ಒಂದೇ ಮಾತಿನಲ್ಲಿ ಹೋಗು ಎಂದೂ ಹೇಳಿದ, ಬಾ ಎಂದೂ ಹೇಳಿದ. ಆಮೇಲೆ, ಇನ್ನೊಂದು ಮಾತಿಗೆ ಉಸಿರು ಕೂಡಿಸಿಕೊಂಡು, "ಅವನೂ... ಬಂದ್ರ... ಬರಲಿ," ಎಂದು ಸೇರಿಸಿದ. ಹೇಮಾವತಿ ತಲೆ ತಗ್ಗಿಸಿ ಅವನ ಕಿರುಬೆರಳನ್ನು ಬಿಡಿಸಿದಳು, ಬಿಡಿಸಿದ್ದನ್ನೇ ಮತ್ತೆ ಬಿಡಿಸಿದಳು.

ಇಳಿಹೊತ್ತಿಗೆ ಅಂಗಳಕ್ಕೆ ಬಂದು ಜಯತೀರ್ಥನಿಗೆ ಫೋನು ಮಾಡಿದಳು. ಏಪ್ರಿಲ್ಲಿನ ಬಿಸಿಲಿಗೆ ಅಂಗಳದ ಬಂಡೆಗಳು ಇನ್ನೂ ಸುಡುತ್ತಿದ್ದವು, ಚಪ್ಪಲಿ ಹಾಕಿಕೊಂಡೇ ನಿಂತಳು.

"ಬರ್ತೀನಿ," ಎಂದಳು. "ಮೂರು ತಿಂಗಳು. ಆಮ್ಯಾಲ ಸೀಸನ್ ಐತಿ."

"ಗೊತ್ತದ."

"ಆಮ್ಯಾಲಿಂದು ಏನಂತ ನಾ ಈಗ ಹೇಳಲಾರೆ."

"ಹೇಳಬ್ಯಾಡ," ಎಂದ ಅವನು. "ನೀ ಬರೋತನಕ ನಾ ಎಲ್ಲಿಗೂ ಹೋಗೂದಿಲ್ಲ," ಎಂದ.

ಅವನ ಮಾತಿನ ಹಿಂದೆ ಒಂದು ಸದ್ದು ಕೇಳುತ್ತಿತ್ತು, ಬಿಡದೆ, ಒಂದೇ ಸಮನೆ.

"ಏನದು ಸಪ್ಪಳ?"

"ಮಳಿ. ಬೆಳಗಿಂದ ಹೊಡಿಲಿಕ್ಕತ್ತದ. ಕಿಟಕಿ ತೆರದು ಕೂತೀನಿ."

ಹೇಮಾವತಿ ಫೋನು ಕಿವಿಗೊತ್ತಿ, ಆ ದೂರದ ಮಳೆಯನ್ನು ಕೇಳುತ್ತ ನಿಂತಳು. ಅವನೂ ಫೋನು ಇಡಲಿಲ್ಲ.